ಎರಡೂವರೆ ಸೆಕೆಂಡಿನ ದೊರೆ ಯಾರು?

ಏಳು ಸೂಪರ್ ಬೌಲ್ ಗೆದ್ದವನೋ? ನಾಲ್ಕು ಆಡಿ ನಾಲ್ಕನ್ನೂ ಗೆದ್ದವನೋ? ಒಂದನ್ನೂ ಗೆಲ್ಲದೆ ದಾಖಲೆಗಳನ್ನೆಲ್ಲ ಬಾಚಿಕೊಂಡವನೋ? ಅಮೆರಿಕನ್ ಫುಟ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರೆಂಬ ಜಗಳ ಪ್ರತಿ ಫೆಬ್ರುವರಿಯಲ್ಲಿ ಹೊಸದಾಗಿ ಹೊತ್ತಿಕೊಳ್ಳುತ್ತದೆ. ಅಂಕಿಅಂಶ ಬಾಯಿಪಾಠ ಮಾಡಿಕೊಂಡು ಬಂದವರೇ ಮೊದಲು ಸೋಲುವ ಜಗಳವಿದು!

1982ರ ಜನವರಿ 10. ಗಾಳಿಗೆ ಕುಖ್ಯಾತವಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕ್ರೀಡಾಂಗಣ ತುಂಬಿ ತುಳುಕುತ್ತಿದೆ. ಗ್ಯಾಲರಿಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಹಟ ಹಿಡಿದು ಒಂದೇ ಸಮನೆ ಅಳುತ್ತಿದ್ದಾನೆ. ಸುತ್ತಲಿನವರ ಕೈಯಲ್ಲಿರುವಂಥ ಸ್ಪಂಜಿನ ದೊಡ್ಡ ಬೆರಳು ಅವನಿಗೂ ಬೇಕು. ಅಪ್ಪ ಅಮ್ಮ ಕೊಡಿಸುತ್ತಿಲ್ಲ. ಅರ್ಧ ಆಟ ಅಳುವಿನಲ್ಲೇ ಕಳೆಯಿತು.

ಕೆಳಗೆ ಮೈದಾನದಲ್ಲಿ ಆಟ ಕೊನೆಯ ನಿಮಿಷಕ್ಕೆ ಬಂದಿದೆ. ಡಲ್ಲಾಸ್ ಕೌಬಾಯ್ಸ್ 27, ಊರಿನ ತಂಡ ಫಾರ್ಟಿನೈನರ್ಸ್ 21. ಉಳಿದಿರುವುದು 58 ಸೆಕೆಂಡು. ಗೆಲುವಿನ ಗೆರೆ ಆರು ಯಾರ್ಡ್ ದೂರ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಚೆಂಡು ಹಿಡಿದು ಬಲಕ್ಕೆ ಓಡಿದ. ಬೆನ್ನು ಹತ್ತಿದವರಲ್ಲಿ ಒಬ್ಬ ಆರು ಅಡಿ ಒಂಬತ್ತು ಇಂಚಿನ ಎಡ್ ಜೋನ್ಸ್. ಮೊಂಟಾನಾ ಎಸೆಯುವವನಂತೆ ತೋಳು ಆಡಿಸಿದ, ಜೋನ್ಸ್ ಏಮಾರಿದ. ಸಿಕ್ಕ ಆ ಒಂದು ಕ್ಷಣದಲ್ಲಿ ಚೆಂಡು ಎತ್ತರಕ್ಕೆ ಹಾರಿತು. ಎಲ್ಲರ ತಲೆ ದಾಟಿ ಆಚೆ ಹೋಗಿ ಬೀಳುತ್ತದೆ ಎನ್ನುವಾಗ ಡ್ವೈಟ್ ಕ್ಲಾರ್ಕ್ ನೆಗೆದು ಬೆರಳ ತುದಿಯಲ್ಲಿ ಅದನ್ನು ಹಿಡಿದ. ಅಷ್ಟರಲ್ಲಿ ನೆಲಕ್ಕುರುಳಿದ್ದ ಮೊಂಟಾನಾಗೆ ಆ ಕ್ಯಾಚ್ ಕಾಣಲೇ ಇಲ್ಲ. ಜನರ ಬೊಬ್ಬೆ ಕೇಳಿ ಗೊತ್ತಾಯಿತು. 28–27.

ಅಳುತ್ತಿದ್ದ ಹುಡುಗನ ಹೆಸರು ಟಾಮ್ ಬ್ರೇಡಿ.

ಮೊಂಟಾನಾನನ್ನೇ ದೇವರೆಂದುಕೊಂಡು ಬೆಳೆದ ಆ ಹುಡುಗ ಮುಂದೆ 23 ಸೀಸನ್ ಆಡಿದ, ಏಳು ಸೂಪರ್ ಬೌಲ್ ಗೆದ್ದ, 89,214 ಯಾರ್ಡ್ ದೂರ ಚೆಂಡು ಎಸೆದ, 2023ರ ಫೆಬ್ರುವರಿಯಲ್ಲಿ ನಿವೃತ್ತನಾದ. ಅಲ್ಲಿಗೆ ‘ಯಾರು ಶ್ರೇಷ್ಠ’ ಎಂಬ ಚರ್ಚೆ ಮುಗಿಯಬೇಕಿತ್ತು. ಎಲ್ಲಿ ಮುಗಿಯುತ್ತೆ?

ಅಮೆರಿಕದಲ್ಲಿ ಸೂಪರ್ ಬೌಲ್ ಶುರುವಾಗುವ ಭಾನುವಾರದ ಸಂಜೆ ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಐದು ಗಂಟೆ. ಇಲ್ಲಿ ಅದಕ್ಕಾಗಿ ಅಲಾರಂ ಇಟ್ಟು ಏಳುವವರು ಕೆಲವರೇ. ಆದರೆ ಫಾರ್ಟಿನೈನರ್ಸ್ ಈಗ ಆಡುವ ಲೀವೈಸ್ ಸ್ಟೇಡಿಯಂ ಇರುವುದು ಸ್ಯಾಂಟಾ ಕ್ಲಾರಾದಲ್ಲಿ, ನಮ್ಮ ಕನ್ನಡದ ಎಂಜಿನಿಯರುಗಳು ಬೀಡುಬಿಟ್ಟಿರುವ ಸಿಲಿಕಾನ್ ಕಣಿವೆಯ ನಟ್ಟನಡುವೆ. ಮೊಂಟಾನಾ ಕಾಲಕ್ಕೆ ಹೋಗಿ ನೆಲೆಸಿದ ಅಪ್ಪ, ಬ್ರೇಡಿ ಕಾಲದಲ್ಲಿ ಅಲ್ಲೇ ಶಾಲೆ ಕಲಿತ ಮಗ ಒಂದೇ ಸೋಫಾದಲ್ಲಿ ಕೂತರೆ ಮಾತು ಎಲ್ಲಿಗೆ ಹೋಗುತ್ತದೆಂದು ಊಹಿಸುವುದು ಕಷ್ಟವಲ್ಲ. ‘ನೀನು ಮೊಂಟಾನಾ ಆಟ ನೋಡಿಲ್ಲ ಕಣೋ, ಸುಮ್ನಿರು’ ಎಂದು ಅಪ್ಪ. ‘ಏಳು ದೊಡ್ಡದೋ ನಾಲ್ಕು ದೊಡ್ಡದೋ, ಅಷ್ಟು ಹೇಳಪ್ಪಾ’ ಎಂದು ಮಗ.

ಗಾವಸ್ಕರ್ ರನ್ನಿನ ಲೆಕ್ಕ ಮುಂದಿಟ್ಟವರ ಬಾಯಿಯನ್ನು ನಮ್ಮ ಹಿರಿಯರು ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ಹೆಸರೆತ್ತಿ ಮುಚ್ಚಿಸುತ್ತಿದ್ದರಲ್ಲ, ಅದೇ ಜಾತಿಯ ವಾದ ಇದು. ಒಬ್ಬರು ಲೆಕ್ಕ ಹೇಳುತ್ತಿದ್ದಾರೆ. ಇನ್ನೊಬ್ಬರು ಬೇರೇನೋ ಹೇಳುತ್ತಿದ್ದಾರೆ.

▌ಆಟ ತಿಳಿಯಲು ಇಷ್ಟು ಸಾಕು
*ತಂಡಕ್ಕೆ 11 ಜನ, 100 ಯಾರ್ಡ್ ಮೈದಾನ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ, ಅದರ ಬೆನ್ನಿಗೇ ಹೊಡೆಯುವ ಕಿಕ್‌ಗೆ ಇನ್ನೊಂದು. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್, ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ ಮುಖಭಂಗ. ಎನ್‌ಎಫ್‌ಎಲ್ ಲೀಗ್‌ನಲ್ಲಿ 32 ತಂಡಗಳಿವೆ. ಅಂತಿಮ ಪಂದ್ಯವೇ ಸೂಪರ್ ಬೌಲ್.*

ಕಿವಿಯಲ್ಲಿ ಕೋಚ್, ಎದುರಿಗೆ ಗೋಡೆ

ಕ್ವಾರ್ಟರ್‌ಬ್ಯಾಕ್ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲವಾದರೆ ಈ ಜಗಳಕ್ಕೆ ಅರ್ಥವೇ ಇಲ್ಲ.

ಅವನ ಹೆಲ್ಮೆಟ್ಟಿನೊಳಗೆ ಒಂದು ಪುಟ್ಟ ಸ್ಪೀಕರ್. ಮುಂದಿನ ಪಟ್ಟು ಯಾವುದೆಂದು ಕೋಚ್ ಅದರಲ್ಲಿ ಹೇಳುತ್ತಾನೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ತಾನಾಗಿ ಕಡಿದುಹೋಗುತ್ತದೆ. ಆಮೇಲೆ ಅವನು ಒಂಟಿ. ಗುಂಪುಗೂಡಿ ನಿಂತ ಹತ್ತು ಜೊತೆಗಾರರಿಗೆ ಆ ಪಟ್ಟನ್ನು ಸಂಕೇತಗಳಲ್ಲಿ ಒಪ್ಪಿಸಬೇಕು. ಗೆರೆಯ ಬಳಿ ಬಂದು ಎದುರಾಳಿಗಳು ನಿಂತ ರೀತಿ ನೋಡಬೇಕು. ಆ ಮೂಲೆಯವನು ಒಂದು ಹೆಜ್ಜೆ ಹಿಂದೆ ಸರಿದನಲ್ಲ, ಅದು ನಿಜವೋ ನಾಟಕವೋ? ಅನುಮಾನ ಬಂದರೆ ಅಲ್ಲೇ ಕೂಗಿ ಪಟ್ಟು ಬದಲಿಸಬೇಕು. ಪೇಟನ್ ಮ್ಯಾನಿಂಗ್ ಹೀಗೆ ‘ಒಮಾಹಾ, ಒಮಾಹಾ’ ಎಂದು ಕೂಗುತ್ತಿದ್ದದ್ದು ಟಿ.ವಿ. ನೋಡುವ ಅಜ್ಜಿಯರ ಬಾಯಲ್ಲೂ ನಿಂತಿತ್ತು.

ಚೆಂಡು ಕೈಗೆ ಬಂದ ಕೂಡಲೇ ತಲಾ ನೂರು ಕಿಲೊ ದಾಟಿದ ನಾಲ್ಕೈದು ದೈತ್ಯರು ನುಗ್ಗುತ್ತಾರೆ. ಅವನಿಗಿರುವುದು ಸುಮಾರು ಎರಡೂವರೆ ಸೆಕೆಂಡು. ಅಷ್ಟರಲ್ಲಿ ಮೂರು ನಾಲ್ಕು ದಿಕ್ಕಿಗೆ ಓಡುತ್ತಿರುವ ತನ್ನವರನ್ನು ಒಬ್ಬೊಬ್ಬರಾಗಿ ನೋಡಿ, ಯಾರಿಗೆಂದು ತೀರ್ಮಾನಿಸಿ ಎಸೆಯಬೇಕು. ಎಸೆಯಬೇಕಾದದ್ದು ಆತ ಇರುವ ಕಡೆಗಲ್ಲ, ಇನ್ನೊಂದು ಸೆಕೆಂಡಿಗೆ ಬರಲಿರುವ ಕಡೆಗೆ. ಎಷ್ಟೋ ಸಲ ಚೆಂಡು ಕೈಬಿಟ್ಟಾಗ ಹಿಡಿಯಬೇಕಾದವನು ಇನ್ನೂ ತಿರುಗಿಯೂ ಇರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಹೊಡೆತ ತಪ್ಪಿದ್ದಲ್ಲ.

ಯಾರು ಶ್ರೇಷ್ಠ ಎಂಬ ಪ್ರಶ್ನೆ ನಿಜಕ್ಕೂ ಈ ಎರಡೂವರೆ ಸೆಕೆಂಡಿಗೆ ಸಂಬಂಧಿಸಿದ್ದು. ಸೂಪರ್ ಬೌಲ್ ಗೆದ್ದವರಿಗೆ ಸಿಗುವ, ಕಪಾಟಿನಲ್ಲಿರುವ ಉಂಗುರಗಳಿಗಲ್ಲ ಎಂಬುದು ನನ್ನ ವಾದ.

199ನೆಯವನು

ಬ್ರೇಡಿಯ ಕಥೆ ಈಗ ಅಮೆರಿಕದ ಜನಪದವಾಗಿಬಿಟ್ಟಿದೆ. 2000ದ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಆ ಎರಡು ದಿನಗಳ ಜಾತ್ರೆಯಲ್ಲಿ, ಅವನ ಹೆಸರು ಬಂದದ್ದು 199ನೆಯದಾಗಿ. ಅದಕ್ಕೂ ಮುಂಚೆ ನಡೆದ ಪರೀಕ್ಷೆಯಲ್ಲಿ 40 ಯಾರ್ಡ್ ಓಡಲು ಅವನು ತೆಗೆದುಕೊಂಡದ್ದು 5.28 ಸೆಕೆಂಡು. ಆ ದಿನ ಅಂಗಿ ಬಿಚ್ಚಿ ನಿಂತ ಫೋಟೊ ಇಂದಿಗೂ ಓಡಾಡುತ್ತಿದೆ. ಜಿಮ್ಮಿನ ಬಾಗಿಲನ್ನೇ ತುಳಿಯದ ಪೇಲವ ಹುಡುಗನಂತೆ ಕಾಣುತ್ತಾನೆ. ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಬಾಲ್ಯದ ಪ್ರೀತಿಯ ಫಾರ್ಟಿನೈನರ್ಸ್ ತಂಡ ಅವನನ್ನು ಬಿಟ್ಟು ಜೊವಾನಿ ಕರ್ಮಾಜಿ ಎಂಬವನನ್ನು ಆರಿಸಿಕೊಂಡಿತು. ಕರ್ಮಾಜಿ ಲೀಗ್‌ನಲ್ಲಿ ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ.

2001ರ ಸೆಪ್ಟೆಂಬರ್ 23ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋಗೆ ಎದೆಗೆ ಭಾರೀ ಪೆಟ್ಟು ಬಿತ್ತು. ಬದಲಿಯಾಗಿ ಬ್ರೇಡಿ ಇಳಿದ. ಆ ಸೀಸನ್ ಮುಗಿಯುವಾಗ ಸೂಪರ್ ಬೌಲ್ ಅವನ ಕೈಯಲ್ಲಿತ್ತು. ಬ್ಲೆಡ್ಸೋಗೆ ತನ್ನ ಜಾಗ ಮರಳಿ ಸಿಗಲೇ ಇಲ್ಲ.

ಬ್ರೇಡಿಗೆ ಓಟವಿರಲಿಲ್ಲ. ತೋಳೂ ಎಲ್ಲರಿಗಿಂತ ಬಲವಾದದ್ದೇನಲ್ಲ. ಇದ್ದದ್ದು ಕಣ್ಣು, ತಲೆ, ಮತ್ತು ಹೊಡೆತ ಬರುತ್ತಿದೆಯೆಂದು ಗೊತ್ತಿದ್ದೂ ಅರ್ಧ ಹೆಜ್ಜೆ ಮುಂದಕ್ಕೇ ಇಡುವ ಛಲ. 2017ರ ಫೆಬ್ರುವರಿ 5ರಂದು ಹ್ಯೂಸ್ಟನ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಎದುರು 3–28ರಿಂದ ಹಿಂದಿದ್ದಾಗ ಟಿ.ವಿ. ಆರಿಸಿ ಮಲಗಿದವರು ಬೆಳಿಗ್ಗೆ ಪೇಪರ್ ನೋಡಿ ಕಣ್ಣುಜ್ಜಿಕೊಂಡರು. 34–28. ಸೂಪರ್ ಬೌಲ್ ಇತಿಹಾಸದಲ್ಲಿ ಹೆಚ್ಚುವರಿ ಅವಧಿಗೆ ಹೋದ ಮೊದಲ ಪಂದ್ಯ ಅದು. ಬ್ರೇಡಿ ಎಸೆದದ್ದು 62 ಸಲ, 466 ಯಾರ್ಡ್. ಆಗ ಅವನಿಗೆ 39 ವರ್ಷ.

‘ಅದೆಲ್ಲ ಕೋಚ್ ಬಿಲ್ ಬೆಲಿಚಿಕ್ ಮಹಿಮೆ’ ಎನ್ನುವವರ ಗುಂಪೊಂದಿತ್ತು. ಅವರ ಬಳಿ ಸಾಕ್ಷಿಯೂ ಇತ್ತು: 2008ರಲ್ಲಿ ಬ್ರೇಡಿ ಮೊಣಕಾಲು ಮುರಿದುಕೊಂಡು ಕೂತಾಗ ಮ್ಯಾಟ್ ಕ್ಯಾಸಲ್ ಎಂಬ ಬದಲಿ ಆಟಗಾರನನ್ನಿಟ್ಟುಕೊಂಡೇ ಅದೇ ತಂಡ 11 ಪಂದ್ಯ ಗೆದ್ದಿತ್ತು. 2020ರಲ್ಲಿ ಬ್ರೇಡಿ ಟ್ಯಾಂಪಾ ಬೇ ತಂಡಕ್ಕೆ ಹೋದ. ಮೊದಲ ಸೀಸನ್ನಿನಲ್ಲೇ, 43ರ ವಯಸ್ಸಿನಲ್ಲಿ, ಏಳನೆಯ ಸೂಪರ್ ಬೌಲ್ ಗೆದ್ದ. ಅದೇ ಸೀಸನ್ನಿನಲ್ಲಿ ಬೆಲಿಚಿಕ್ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಗುಂಪು ಚದುರಿತು.

ಉಂಗುರ ಯಾರದ್ದು?

ಆದರೂ ಏಳು ಎಂಬ ಸಂಖ್ಯೆಯನ್ನು ಒಮ್ಮೆ ಬಿಡಿಸಿ ನೋಡಿ. ಬ್ರೇಡಿಯ ಮೊದಲ ಮೂರು ಸೂಪರ್ ಬೌಲ್‌ಗಳ ಅಂತರ ತಲಾ ಮೂರೇ ಅಂಕ: 20–17, 32–29, 24–21. ಮೊದಲೆರಡನ್ನು ಕೊನೆ ಗಳಿಗೆಯಲ್ಲಿ ಕಾಲಿನಿಂದ ಗೆಲ್ಲಿಸಿಕೊಟ್ಟವನು ಆಡಮ್ ವಿನಾಟಿಯೆರಿ ಎಂಬ ಕಿಕ್ಕರ್. ನಾಲ್ಕನೆಯದಂತೂ ಇನ್ನೂ ಸ್ವಾರಸ್ಯ. 2015ರಲ್ಲಿ ಸಿಯಾಟಲ್ ತಂಡ ಗೆಲುವಿಗೆ ಒಂದೇ ಯಾರ್ಡ್ ದೂರದಲ್ಲಿತ್ತು. ಹೆಸರೇ ಕೇಳಿರದ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಚೆಂಡಿಗೆ ಅಡ್ಡ ನುಗ್ಗಿ ಕಸಿದುಕೊಂಡ. ಬ್ರೇಡಿ ಆಗ ಮೈದಾನದಾಚೆ ನಿಂತು ನಮ್ಮ ನಿಮ್ಮ ಹಾಗೆ ನೋಡುತ್ತಿದ್ದ.

ಅದೃಷ್ಟ ಅವನಿಂದ ಕಿತ್ತುಕೊಂಡದ್ದೂ ಇದೆ ಅನ್ನಿ. 2007ರ ಸೀಸನ್ನಿನಲ್ಲಿ ಅವನ ತಂಡ 16ಕ್ಕೆ 16 ಗೆದ್ದು ಬಂದಿತ್ತು. ಅಂತಿಮ ಪಂದ್ಯದಲ್ಲಿ ನ್ಯೂಯಾರ್ಕ್ ಜಯಂಟ್ಸ್‌ನ ಡೇವಿಡ್ ಟೈರಿ ಚೆಂಡನ್ನು ತನ್ನ ಹೆಲ್ಮೆಟ್ಟಿಗೆ ಒತ್ತಿ ಹಿಡಿದು ಬಿದ್ದ. 17–14ಕ್ಕೆ ಆ ಸೀಸನ್ನೇ ಹಾಳಾಯಿತು.

ಉಂಗುರ ಎಣಿಸುವವರಿಗೆ ನಾನು ಪೇಟನ್ ಮ್ಯಾನಿಂಗ್ ಹೆಸರು ಹೇಳುತ್ತೇನೆ. ಕತ್ತಿಗೆ ನಾಲ್ಕು ಸಲ ಕತ್ತರಿ ಹಾಕಿಸಿಕೊಂಡು, 2011ರ ಇಡೀ ಸೀಸನ್ ಮನೆಯಲ್ಲಿ ಕೂತು ಬಂದವನು 2013ರಲ್ಲಿ 55 ಟಚ್‌ಡೌನ್ ಪಾಸ್ ಎಸೆದ. ಯಾರೂ ಕಂಡು ಕೇಳರಿಯದ ಸೀಸನ್ ಅದು. ಕೊನೆಗೇನಾಯಿತು? ಸೂಪರ್ ಬೌಲ್‌ನಲ್ಲಿ 43–8ರ ಹೀನಾಯ ಸೋಲು. ಎರಡು ವರ್ಷ ಬಿಟ್ಟು ಅದೇ ಮ್ಯಾನಿಂಗ್ ಇಡೀ ಸೀಸನ್ನಿನಲ್ಲಿ ಎಸೆದದ್ದು 9 ಟಚ್‌ಡೌನ್, ಎದುರಾಳಿಗೆ ದಾನ ಮಾಡಿದ್ದು 17 ಇಂಟರ್‌ಸೆಪ್ಷನ್. ಆ ವರ್ಷ ಸೂಪರ್ ಬೌಲ್ ಗೆದ್ದ! ಸ್ಯಾಂಟಾ ಕ್ಲಾರಾದಲ್ಲಿ ನಡೆದ ಆ ಪಂದ್ಯವನ್ನು ಗೆದ್ದುಕೊಟ್ಟದ್ದು ಡೆನ್ವರ್‌ನ ರಕ್ಷಣಾ ಪಡೆ. ಉಂಗುರವೇ ಅಳತೆಗೋಲಾದರೆ ಮ್ಯಾನಿಂಗ್ ತನ್ನ ಅತ್ಯಂತ ಕೆಟ್ಟ ವರ್ಷದಲ್ಲಿ ಅತ್ಯಂತ ಶ್ರೇಷ್ಠನಾಗಿದ್ದ ಎನ್ನಬೇಕಾಗುತ್ತದೆ.

ಡ್ಯಾನ್ ಮರೀನೊ ಇನ್ನೊಂದು ತುದಿ. 1984ರಲ್ಲಿ, ಅದುವರೆಗಿನ ದಾಖಲೆ 36 ಇದ್ದಾಗ, 48 ಟಚ್‌ಡೌನ್ ಎಸೆದ. ಆ ಸೀಸನ್ನಿನ ಅವನ 5,084 ಯಾರ್ಡ್ ದಾಖಲೆ 27 ವರ್ಷ ಅಲುಗಾಡಲಿಲ್ಲ. ಅವನ ಕೈಯಿಂದ ಚೆಂಡು ಬಿಡುಗಡೆಯಾಗುವುದೇ ಕಾಣಿಸುತ್ತಿರಲಿಲ್ಲ ಎನ್ನುತ್ತಾರೆ ನೋಡಿದವರು. ಆಡಿದ್ದು ಒಂದೇ ಸೂಪರ್ ಬೌಲ್, ಅದನ್ನೂ ಸೋತ. ಎದುರಿಗಿದ್ದವನು ಮೊಂಟಾನಾ.

▌ಯಾರಿಗೂ ಬೇಡವಾಗಿದ್ದವರು
*ಟಾಮ್ ಬ್ರೇಡಿ ಡ್ರಾಫ್ಟ್‌ನಲ್ಲಿ 199ನೆಯವನು. 1960ರ ದಶಕದಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಐದು ಲೀಗ್ ಪ್ರಶಸ್ತಿ ತಂದ ಬಾರ್ಟ್ ಸ್ಟಾರ್ 200ನೆಯವನು! ಮೊಂಟಾನಾ 82. ಕರ್ಟ್ ವಾರ್ನರ್ ಹೆಸರನ್ನು ಯಾರೂ ಕರೆಯಲೇ ಇಲ್ಲ. ಅಯೋವಾದ ಸೂಪರ್ ಮಾರ್ಕೆಟ್ಟಿನಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು 1999ರ ಸೀಸನ್ನಿನಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾಗಿ ಸೂಪರ್ ಬೌಲನ್ನೂ ಗೆದ್ದ.*

ತಣ್ಣನೆಯ ಜೋ

ಮೊಂಟಾನಾ ಪಕ್ಷದವರ ಬಳಿ ಒಂದೇ ಬ್ರಹ್ಮಾಸ್ತ್ರ: ನಾಲ್ಕು ಸೂಪರ್ ಬೌಲ್, ನಾಲ್ಕೂ ಗೆಲುವು, 122 ಎಸೆತ, 11 ಟಚ್‌ಡೌನ್, ಇಂಟರ್‌ಸೆಪ್ಷನ್ ಸೊನ್ನೆ. ಬ್ರೇಡಿ ಹತ್ತರಲ್ಲಿ ಮೂರು ಸೋತಿದ್ದಾನೆ, ನಮ್ಮವನು ಸೋತದ್ದೇ ಇಲ್ಲ ಎಂಬ ಹೆಮ್ಮೆ. ಅಂತಿಮ ಪಂದ್ಯಕ್ಕೆ ಬಂದು ಸೋಲುವುದಕ್ಕಿಂತ ಅದಕ್ಕೂ ಮೊದಲೇ ಸೋತು ಮನೆಗೆ ಹೋಗುವುದು ಹೇಗೆ ಹೆಚ್ಚುಗಾರಿಕೆಯಾಯಿತೋ ನನಗೆ ಗೊತ್ತಾಗಿಲ್ಲ. ಇರಲಿ.

ಮೊಂಟಾನಾನ ನಿಜವಾದ ದೊಡ್ಡಸ್ತಿಕೆ ಇರುವುದು ಆ ಸಂಖ್ಯೆಯಲ್ಲಲ್ಲ, ತಣ್ಣಗಿನ ಅವನ ಸ್ವಭಾವದಲ್ಲಿ. 1989ರ ಜನವರಿ 22, ಮಯಾಮಿ. ಸಿನ್ಸಿನಾಟಿ ಬೆಂಗಾಲ್ಸ್ 16–13ರಿಂದ ಮುಂದಿದೆ. ಮೂರು ನಿಮಿಷ ಚಿಲ್ಲರೆ ಉಳಿದಿದೆ. 92 ಯಾರ್ಡ್ ಸಾಗಬೇಕು. ಜೊತೆಗಾರರ ಮುಖದಲ್ಲಿ ರಕ್ತವಿಲ್ಲ. ಮೊಂಟಾನಾ ಗ್ಯಾಲರಿ ಕಡೆ ಕಣ್ಣು ಹಾಯಿಸಿ ಹ್ಯಾರಿಸ್ ಬಾರ್ಟನ್ ಎಂಬ ಜೊತೆಗಾರನಿಗೆ ತೋರಿಸಿದ: ಅಲ್ಲಿ ನೋಡು, ಜಾನ್ ಕ್ಯಾಂಡಿ ಕೂತಿದ್ದಾನೆ! ಕ್ಯಾಂಡಿ ಆಗಿನ ಹೆಸರಾಂತ ಹಾಸ್ಯನಟ. ಎದುರಿಗೆ ಬೆಟ್ಟವಿದೆ, ಈ ಪುಣ್ಯಾತ್ಮ ಸಿನಿಮಾ ನಟನನ್ನು ಹುಡುಕುತ್ತಿದ್ದಾನೆ. 34 ಸೆಕೆಂಡು ಉಳಿದಿರುವಾಗ ಜಾನ್ ಟೇಲರ್ ಕೈಗೆ ಚೆಂಡು ಸೇರಿತು. 20–16.

ಆದರೆ ಆ ಪರಿಶುದ್ಧ ಸೊನ್ನೆಯ ಬಗ್ಗೆ ಒಂದು ಮಾತು. ಅದೇ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಮೊಂಟಾನಾ ಎಸೆದ ಚೆಂಡೊಂದು ನೇರ ಬೆಂಗಾಲ್ಸ್‌ನ ಲೂಯಿಸ್ ಬಿಲ್ಲಪ್ಸ್ ಕೈಗೇ ಹೋಗಿತ್ತು. ಬಿಲ್ಲಪ್ಸ್ ಕೈಚೆಲ್ಲಿದ. ಮರು ಎಸೆತದಲ್ಲಿ ಟಚ್‌ಡೌನ್ ಬಂತು. ಅವನು ಹಿಡಿದಿದ್ದರೆ ಬ್ರಹ್ಮಾಸ್ತ್ರವೂ ಇಲ್ಲ, ಬಹುಶಃ ಆ ಉಂಗುರವೂ ಇಲ್ಲ.

ಆರು ಡಾಲರ್ ಸಂಬಳದವನು

ಈಗ ನನ್ನ ಅಭ್ಯರ್ಥಿ. ಅವನ ಸಂಖ್ಯೆಗಳನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಚ್ಚಿಟ್ಟ ಅನ್ನುವುದು ಬೇಡ: 290 ಟಚ್‌ಡೌನ್, 253 ಇಂಟರ್‌ಸೆಪ್ಷನ್. ಬ್ರೇಡಿಯದು 649ಕ್ಕೆ 212. ಇಂದಿನ ಲೆಕ್ಕದಲ್ಲಿ ಇಂಥವನಿಗೆ ಎರಡನೇ ಸೀಸನ್ ಸಿಗುವುದು ಕಷ್ಟ.

ಜಾನಿ ಯುನಿಟಾಸ್. 1955ರಲ್ಲಿ ತವರೂರಿನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವನನ್ನು 102ನೆಯವನಾಗಿ ಆರಿಸಿ, ಅಭ್ಯಾಸ ಪಂದ್ಯದಲ್ಲೂ ಒಂದು ಎಸೆತಕ್ಕೆ ಅವಕಾಶ ಕೊಡದೆ ಮನೆಗೆ ಕಳಿಸಿತು. ಈ ಹುದ್ದೆಗೆ ಬೇಕಾದಷ್ಟು ತಲೆ ಇವನಿಗಿಲ್ಲ ಎಂಬುದು ಕೋಚ್‌ನ ಅಭಿಪ್ರಾಯ. ಸಂಸಾರಿಯಾಗಿದ್ದ ಯುನಿಟಾಸ್ ಕಟ್ಟಡ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಸ್ಥಳೀಯ ತಂಡಕ್ಕೆ ಪಂದ್ಯಕ್ಕೆ ಆರು ಡಾಲರಿನಂತೆ ಆಡಿದ. ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್‌ನಿಂದ ಫೋನ್ ಬಂತು. ಬದಲಿಯಾಗಿ ಮೈದಾನಕ್ಕಿಳಿದಾಗ ಅವನ ಮೊದಲ ಎಸೆತವನ್ನೇ ಎದುರಾಳಿ ಹಿಡಿದು ಟಚ್‌ಡೌನ್ ಮಾಡಿದ. ಶುಭಾರಂಭ!

ಆ ವರ್ಷದ ಕೊನೆಯಲ್ಲಿ ಶುರುವಾದದ್ದು ಇನ್ನೊಂದು ಲೆಕ್ಕ. 1956ರಿಂದ 1960ರವರೆಗೆ ಸತತ 47 ಪಂದ್ಯಗಳಲ್ಲಿ ಅವನು ಕನಿಷ್ಠ ಒಂದು ಟಚ್‌ಡೌನ್ ಎಸೆದ. ಡ್ರೂ ಬ್ರೀಸ್ ಅದನ್ನು ಮುರಿಯುವ ಹೊತ್ತಿಗೆ 2012 ಬಂದಿತ್ತು.

1958ರ ಡಿಸೆಂಬರ್ 28. ಸೂಪರ್ ಬೌಲ್ ಇನ್ನೂ ಹುಟ್ಟಿರದ ಕಾಲ, ಯಾಂಕೀ ಸ್ಟೇಡಿಯಂನಲ್ಲಿ ಲೀಗ್‌ನ ಅಂತಿಮ ಪಂದ್ಯ. ನ್ಯೂಯಾರ್ಕ್ ಜಯಂಟ್ಸ್ 17, ಕೋಲ್ಟ್ಸ್ 14. ಎರಡು ನಿಮಿಷವೂ ಉಳಿದಿಲ್ಲ. ಸಣ್ಣಗೆ ಕತ್ತರಿಸಿದ ಕೂದಲು, ಗಿಡ್ಡನೆಯ ಬೂಟು ಹಾಕುವ ಕಾಲದಲ್ಲೂ ಕಣಕಾಲು ಮುಚ್ಚುವ ಕಪ್ಪು ಬೂಟು, ಕೊಂಚ ಬಾಗಿದ ಭುಜ. ಯುನಿಟಾಸ್ ತನ್ನ 14 ಯಾರ್ಡ್ ಗೆರೆಯಿಂದ ಹೊರಟ. ಕಿವಿಯಲ್ಲಿ ಕೋಚ್ ಇಲ್ಲ. ಪಟ್ಟುಗಳನ್ನೆಲ್ಲ ಅವನೇ ಯೋಚಿಸಿ ಹೇಳಬೇಕು.

ರೇಮಂಡ್ ಬೆರಿಗೆ ಒಂದು ಪಾಸ್. ಮತ್ತೆ ಬೆರಿಗೆ. ಮೂರನೆಯದೂ ಬೆರಿಗೇ! ಮೂರರಿಂದ 62 ಯಾರ್ಡ್. ಬೆರಿ ಹೆಚ್ಚು ವೇಗದವನಲ್ಲ, ದೃಷ್ಟಿಯೂ ಮಂದ. ಆದರೆ ಅಭ್ಯಾಸ ಮುಗಿದು ಉಳಿದವರೆಲ್ಲ ಮನೆಗೆ ಹೋದ ಮೇಲೂ ಇಬ್ಬರೇ ಉಳಿದು ವರ್ಷಗಟ್ಟಲೆ ಎಸೆದು ಹಿಡಿದವರು ಅವರು. ಯಾವ ಹೆಜ್ಜೆಗೆ ಬೆರಿ ತಿರುಗುತ್ತಾನೆಂದು ಯುನಿಟಾಸ್‌ಗೆ ನೋಡದೆಯೂ ಗೊತ್ತಿತ್ತು. ಏಳು ಸೆಕೆಂಡು ಇರುವಾಗ ಫೀಲ್ಡ್ ಗೋಲ್ ಹೊಡೆದು 17–17 ಆಯಿತು.

ಲೀಗ್‌ನ ಅಂತಿಮ ಪಂದ್ಯ ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಮುಂದೇನು ಮಾಡಬೇಕೆಂದು ಎಷ್ಟೋ ಆಟಗಾರರಿಗೇ ಗೊತ್ತಿರಲಿಲ್ಲ. ಯುನಿಟಾಸ್ ಮತ್ತೆ 80 ಯಾರ್ಡ್ ಹೊರಟ. ಗೆರೆ ಹತ್ತಿರ ಬರುವಷ್ಟರಲ್ಲಿ ದೇಶದಾದ್ಯಂತ ಟಿ.ವಿ. ಪರದೆಗಳು ಸತ್ತುಹೋದವು, ಕೇಬಲ್ ಕಳಚಿತ್ತು. ಅಷ್ಟರಲ್ಲಿ ಯಾವನೋ ಒಬ್ಬ ಮೈದಾನಕ್ಕೆ ನುಗ್ಗಿ ಓಡಾಡಿ ಆಟ ನಿಲ್ಲಿಸಿದ. ಅವನು ಟಿ.ವಿ. ಕಂಪನಿಯವರೇ ಬಿಟ್ಟ ಆಸಾಮಿ ಎಂಬ ಮಾತು ಈಗಲೂ ಇದೆ. ಪ್ರಸಾರ ಮರಳಿತು.

ಅಲ್ಲಿಂದ ಸುಮ್ಮನೆ ಒಂದು ಕಿಕ್ ಹೊಡೆಸಿದ್ದರೆ ಗೆದ್ದಂತೆಯೇ. ಯುನಿಟಾಸ್ ಹಾಗೆ ಮಾಡಲಿಲ್ಲ. ಅಂಚಿನಲ್ಲಿ ಓಡುತ್ತಿದ್ದ ಜಿಮ್ ಮುಷೆಲರ್‌ಗೆ ಪಾಸ್ ಎಸೆದ. ಎದುರಾಳಿ ಹಿಡಿದಿದ್ದರೆ ಎಲ್ಲವೂ ಮಣ್ಣುಪಾಲು. ಮರು ಪಟ್ಟಿನಲ್ಲಿ ಅಲನ್ ಅಮೀಚಿ ಗೆರೆಯೊಳಗೆ ನುಗ್ಗಿದ. 23–17. ಆಮೇಲೆ ಪತ್ರಕರ್ತರು ಅಂಥ ಅಪಾಯಕ್ಕೆ ಕೈ ಹಾಕಿದ್ದೇಕೆಂದು ಕೇಳಿದರೆ, ಮಾಡುವ ಕೆಲಸ ಗೊತ್ತಿದ್ದವನ ಚೆಂಡು ಕಳವಾಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟ. 253 ಇಂಟರ್‌ಸೆಪ್ಷನ್ ಎಸೆದವನ ಬಾಯಲ್ಲಿ ಈ ಮಾತು! ನನಗೆ ಈ ಮನುಷ್ಯ ಇಷ್ಟವಾಗುವುದೇ ಇದಕ್ಕೆ.

ಅಮೆರಿಕನ್ ಫುಟ್‌ಬಾಲ್ ಮನೆಮನೆಯ ಟಿ.ವಿ. ಆಟವಾಗಲು ಆ ಸಂಜೆ ದೊಡ್ಡ ಕಾರಣ. ಕೊನೆಯ ಎರಡು ನಿಮಿಷದಲ್ಲಿ ಕ್ವಾರ್ಟರ್‌ಬ್ಯಾಕ್ ಹೇಗಿರಬೇಕೆಂದು ಮೊಂಟಾನಾನೂ ಬ್ರೇಡಿಯೂ ಕಲಿತ ಪಾಠದ ಮೊದಲ ಪ್ರತಿ ಅದು.

▌ಹತ್ತಕ್ಕೆ ಹತ್ತು
*ಉಂಗುರವೇ ಮುಖ್ಯ ಎನ್ನುವವರು ಆಟೊ ಗ್ರಹಾಂ ಹೆಸರನ್ನು ಮರೆಯುವುದೇ ಹೆಚ್ಚು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ 1946ರಿಂದ 1955ರವರೆಗೆ ಹತ್ತು ಸೀಸನ್, ಹತ್ತೂ ವರ್ಷ ಅಂತಿಮ ಪಂದ್ಯ, ಏಳು ಪ್ರಶಸ್ತಿ. ಮೊದಲ ನಾಲ್ಕು ಆಗಿನ ಪ್ರತಿಸ್ಪರ್ಧಿ ಲೀಗ್‌ನಲ್ಲಿ ಬಂದವು ಎಂಬುದೇ ಅವನ ಮೇಲಿನ ದೂರು. ಅದಕ್ಕೂ ಮುಂಚೆ ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿ ಅಲ್ಲೂ ಪ್ರಶಸ್ತಿ ಗೆದ್ದಿದ್ದ. 1953ರಲ್ಲಿ ಬಾಯಿ ಹರಿದು ಹೊಲಿಗೆ ಬಿದ್ದಾಗ ಕೋಚ್ ಪಾಲ್ ಬ್ರೌನ್ ಅವನ ಹೆಲ್ಮೆಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಕಟ್ಟಿಸಿ ಮತ್ತೆ ಆಡಿಸಿದ.*

ಬದಲಾದ ಆಟ

ಯುನಿಟಾಸ್ ಸಂಖ್ಯೆಗಳು ಏಕೆ ಬಡಕಲಾಗಿವೆ? ಪಾಸ್ ಹಿಡಿಯಲು ಓಡುವ ರಿಸೀವರ್‌ಗಳನ್ನು ಆಗ ಮೈದಾನದುದ್ದಕ್ಕೂ ಗುದ್ದಬಹುದಿತ್ತು, ತಳ್ಳಬಹುದಿತ್ತು. ಕ್ವಾರ್ಟರ್‌ಬ್ಯಾಕ್‌ಗೆ ಕಾವಲಿರುವವರ ತಲೆಗೆ ಅಂಗೈಯಲ್ಲಿ ಬಾರಿಸುವುದೂ ಆಟದ ಭಾಗವೇ ಆಗಿತ್ತು. 1978ರಲ್ಲಿ ನಿಯಮ ಬದಲಾಯಿತು. ಐದು ಯಾರ್ಡ್ ದಾಟಿದ ರಿಸೀವರ್‌ನನ್ನು ಮುಟ್ಟುವಂತಿಲ್ಲ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲಿರುವವರು ಕೈಚಾಚಿ ತಡೆಯಬಹುದು. ಮರೀನೊನ 48 ಬಂದದ್ದು ಅದಾಗಿ ಆರೇ ವರ್ಷಕ್ಕೆ. ಬ್ರೇಡಿಯ ಮೊಣಕಾಲು ಮುರಿದ ಮರುವರ್ಷ, 2009ರಲ್ಲಿ, ನೆಲಕ್ಕೆ ಬಿದ್ದವನು ಅಲ್ಲಿಂದಲೇ ಕ್ವಾರ್ಟರ್‌ಬ್ಯಾಕ್ ಕಾಲಿನ ಮೇಲೆ ಎರಗುವುದನ್ನೂ ನಿಷೇಧಿಸಿದರು. ಸೀಸನ್ ಕೂಡ ಬೆಳೆಯಿತು: ಯುನಿಟಾಸ್ ಬಂದಾಗ 12 ಪಂದ್ಯ, ಬ್ರೇಡಿ ಹೋಗುವಾಗ 17. ಇಷ್ಟಾದ ಮೇಲೂ ಇಬ್ಬರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೂಗುವವರಿಗೆ ನಮಸ್ಕಾರ.

ಬಾಗಿಲ ಹೊರಗೆ ನಿಂತವರು

ಈ ಚರ್ಚೆಯಲ್ಲಿ ಯಾರೂ ಸುಲಭಕ್ಕೆ ಎತ್ತದ ವಿಷಯವೊಂದಿದೆ. ದಶಕಗಳ ಕಾಲ ಈ ಹುದ್ದೆ ಬಿಳಿಯರಿಗೆ ಮೀಸಲಾಗಿತ್ತು. ಕರಿಯ ಆಟಗಾರ ಓಡಬಲ್ಲ, ಹಾರಬಲ್ಲ, ಯೋಚಿಸಲಾರ ಎಂಬುದು ಬಾಯಿಬಿಟ್ಟು ಹೇಳದ ಕಾನೂನು.

1968ರಲ್ಲಿ ಡೆನ್ವರ್‌ನಲ್ಲಿ ಗಾಯಾಳುಗಳ ಸಾಲು ಬೆಳೆದು ಬೇರೆ ದಾರಿಯಿಲ್ಲದಾಗ ಮಾರ್ಲಿನ್ ಬ್ರಿಸ್ಕೋ ಎಂಬ ಕರಿಯ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಕೆಲವೇ ಪಂದ್ಯಗಳಲ್ಲಿ 14 ಟಚ್‌ಡೌನ್ ಎಸೆದ. ಮರುವರ್ಷ ಅವನಿಗೆ ಆ ಜಾಗವಿಲ್ಲ. ಬೇರೆ ತಂಡಕ್ಕೆ ಹೋಗಿ, ಎಸೆಯುವುದು ಬಿಟ್ಟು ಹಿಡಿಯುವವನಾದ. ಕ್ವಾರ್ಟರ್‌ಬ್ಯಾಕ್ ಆಗಿ ಮತ್ತೆಂದೂ ತಂಡ ನಡೆಸಲಿಲ್ಲ.

ವಾರನ್ ಮೂನ್ 1978ರ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರ. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಅವನ ಹೆಸರನ್ನು ಒಂದು ತಂಡವೂ ಕರೆಯಲಿಲ್ಲ. ಜಾಗ ಬದಲಿಸಿಕೊಂಡರೆ ನೋಡೋಣ ಎಂದವರಿಗೆ ಬೆನ್ನು ತೋರಿಸಿ ಕೆನಡಾಕ್ಕೆ ಹೋದ. ಎಡ್ಮಂಟನ್ ತಂಡದಲ್ಲಿ ಸತತ ಐದು ಗ್ರೇ ಕಪ್ ಗೆದ್ದ ಮೇಲೆ ಅಮೆರಿಕದ ತಂಡಗಳೇ ಅವನಿಗಾಗಿ ಪೈಪೋಟಿಗೆ ಬಿದ್ದವು. 1984ರಲ್ಲಿ ಮರಳಿದವನು ಎನ್‌ಎಫ್‌ಎಲ್‌ನಲ್ಲಿ 49,325 ಯಾರ್ಡ್ ಎಸೆದ. ಎರಡೂ ದೇಶಗಳ ಹಾಲ್ ಆಫ್ ಫೇಮ್‌ಗಳಲ್ಲಿ ಅವನ ಹೆಸರಿದೆ. ಆರು ವರ್ಷ ಕಳೆದುಕೊಳ್ಳದೇ ಇದ್ದಿದ್ದರೆ? ಮೊಂಟಾನಾ ಎದುರು ಅವನನ್ನು ತೂಗುವಾಗ ಆ ಆರು ವರ್ಷಗಳನ್ನು ಯಾವ ತಟ್ಟೆಗೆ ಹಾಕಬೇಕು?

1988ರಲ್ಲಿ ವಾಷಿಂಗ್ಟನ್‌ನ ಡಗ್ ವಿಲಿಯಮ್ಸ್, 0–10ರಿಂದ ಹಿಂದಿದ್ದಾಗ, ಎರಡನೆಯ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಎಸೆದು ಸೂಪರ್ ಬೌಲ್ ಗೆದ್ದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಆದ. ಅಂತಿಮ ಪಂದ್ಯದಲ್ಲಿ ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳೇ ಶುರು ಮಾಡಿದ್ದು ತೀರಾ ಇತ್ತೀಚೆಗೆ, 2023ರಲ್ಲಿ: ಜೇಲನ್ ಹರ್ಟ್ಸ್ ಎದುರು ಪ್ಯಾಟ್ರಿಕ್ ಮಹೋಮ್ಸ್.

ಈಗಿನವನು

ಮಹೋಮ್ಸ್ ಆಟಕ್ಕೂ ಪಠ್ಯಪುಸ್ತಕಕ್ಕೂ ಸಂಬಂಧವಿಲ್ಲ. ಅಪ್ಪ ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ಚೆಂಡೆಸೆಯುವವನು. ಮಗನ ಎಸೆತದಲ್ಲೂ ಅದರ ವಾಸನೆ. ಓಡುತ್ತ ಎಸೆಯುತ್ತಾನೆ, ಪಕ್ಕಕ್ಕೆ ವಾಲಿ ಎಸೆಯುತ್ತಾನೆ, ಎತ್ತಲೋ ನೋಡುತ್ತ ಇನ್ನೆತ್ತಲೋ ಎಸೆಯುತ್ತಾನೆ. 2018ರಲ್ಲಿ ಡೆನ್ವರ್ ಎದುರು ಎದುರಾಳಿ ಮೈಮೇಲೆ ಬಿದ್ದಾಗ ಚೆಂಡನ್ನು ಎಡಗೈಗೆ ಬದಲಿಸಿ ತಳ್ಳಿಬಿಟ್ಟ, ಅವನು ಬಲಗೈಯವನು. 2022ರ ಜನವರಿಯಲ್ಲಿ ಬಫಲೊ ಎದುರು ಮೂರು ಅಂಕ ಹಿಂದಿದ್ದು, 13 ಸೆಕೆಂಡು ಉಳಿದಿದ್ದಾಗ ಎರಡೇ ಪಾಸ್‌ಗಳಲ್ಲಿ ಕಿಕ್ ಹೊಡೆಯುವ ದೂರಕ್ಕೆ ತಂಡವನ್ನು ಒಯ್ದ. ಹೆಚ್ಚುವರಿ ಅವಧಿಯಲ್ಲಿ 42–36ಕ್ಕೆ ಗೆದ್ದ. ಕ್ಯಾನ್ಸಾಸ್ ಸಿಟಿ ಚೀಫ್ಸ್‌ಗೆ ಮೂರು ಸೂಪರ್ ಬೌಲ್ ತಂದುಕೊಟ್ಟಿದ್ದಾನೆ. 2025ರ ಫೆಬ್ರುವರಿಯಲ್ಲಿ ಸತತ ಮೂರನೆಯದಕ್ಕೆ ಕೈಚಾಚಿದಾಗ ಫಿಲಡೆಲ್ಫಿಯಾ 40–22ರಿಂದ ಚಚ್ಚಿ ಕಳಿಸಿತು. ಮರುದಿನವೇ ಪಂಡಿತರು ‘ಇವನು ಬ್ರೇಡಿ ಅಲ್ಲ ಬಿಡಿ’ ಎಂದು ತೀರ್ಪು ಬರೆದರು.

ಪಂಡಿತರಿಗೆ ಅವಸರ. ಮಹೋಮ್ಸ್ ಮೂರನೆಯ ಸೂಪರ್ ಬೌಲ್ ಗೆದ್ದದ್ದು 28ರ ವಯಸ್ಸಿನಲ್ಲಿ. ಬ್ರೇಡಿ ತನ್ನ ಮೂರನೆಯದನ್ನು 27ಕ್ಕೇ ಗೆದ್ದಿದ್ದ. ಆಮೇಲೆ ಹತ್ತು ವರ್ಷ ಅವನಿಗೆ ಒಂದೂ ಸಿಗಲಿಲ್ಲ. 2014ರ ಹೊತ್ತಿಗೆ ಇವನ ಕಥೆ ಮುಗಿಯಿತೆಂದು ಬರೆದವರಿಗೇನೂ ಕೊರತೆಯಿರಲಿಲ್ಲ. ಉಳಿದ ನಾಲ್ಕೂ ಬಂದದ್ದು 37 ತುಂಬಿದ ಮೇಲೆ.

ಮಹೋಮ್ಸ್‌ಗೆ 37 ತುಂಬುವುದು 2032ರ ಸೆಪ್ಟೆಂಬರ್‌ನಲ್ಲಿ.